ಕೊಡುವ ಕೈ ಇಲ್ಲವಾದ ಮೇಲೆ



ಸುಮಾರು 2,000 ವರ್ಷಗಳ ಹಿಂದಿನ ಮಾತು. ತಮಿಳು ನೆಲದ ಪರಂಬು ಬೆಟ್ಟವನ್ನು ಚೇರ, ಚೋಳ, ಪಾಂಡ್ಯ ಮೂವರೂ ಸೇರಿ ಮುತ್ತಿದ್ದರು. ಬೆಟ್ಟದೊಡೆಯ ಪಾರಿ, ಆಸರೆಯಿಲ್ಲದ ಮಲ್ಲಿಗೆ ಬಳ್ಳಿಗೆ ಹಬ್ಬಿಕೊಳ್ಳಲೆಂದು ತನ್ನ ರಥವನ್ನೇ ಬಿಟ್ಟುಬಂದನೆಂದು ಹೆಸರಾದವನು. ಅವನ ಜೊತೆಗಿದ್ದ ಗೆಳೆಯ, ಸಂಗಂ ಕಾಲದ ಕವಿ ಕಪಿಲರು.

ಮುತ್ತಿದ ಅರಸರಿಗೆ ಕಪಿಲರು ಹಾಡಿನಲ್ಲೇ ಉತ್ತರ ಕೊಟ್ಟರು. ಇಲ್ಲಿಯವರಿಗೆ ನೇಗಿಲಿನ ಹಂಗಿಲ್ಲ. ಬಿದಿರಕ್ಕಿ, ಹಲಸು, ಗೆಡ್ಡೆ, ಜೇನು ಬೆಟ್ಟವೇ ಕೊಡುತ್ತದೆ, ಹಸಿವಿಗೆ ಮಣಿಯುವವರಲ್ಲ ಎಂದರು. ಪರಂಬಿನ 300 ಊರುಗಳೂ ಆಗಲೇ ಬೇಡಿದವರ ಪಾಲಾಗಿವೆ, ಬೆಟ್ಟವೂ ಬೇಕಿದ್ದರೆ ಯಾಳ್ ಎಂಬ ತಂತಿವಾದ್ಯ ನುಡಿಸುತ್ತಾ, ಹಾಡುತ್ತಾ ಬನ್ನಿ, ಪಾರಿ ಅದನ್ನೂ ಕೊಟ್ಟಾನು ಎಂದರು.

ಪಾರಿ ಮಡಿದ. ಬೆಟ್ಟ ಹೋಯಿತು. ಅರಸರನ್ನು ಹೊಗಳಿ ಉಡುಗೊರೆ ಪಡೆಯುವುದು ಆ ಕಾಲದ ಕವಿಗಳ ಬದುಕಿನ ದಾರಿ. ಕೊಡುವ ಕೈಯೇ ಇಲ್ಲವಾದ ಮೇಲೂ ಕಪಿಲರು ಪಾರಿಯನ್ನೇ ಹಾಡಿದರು. ಅವರ ಹೊಗಳಿಕೆ ಎಷ್ಟು ನಿಜವಾಗಿತ್ತೆಂಬುದು ನನಗೆ ತಿಳಿದದ್ದು ಈ ಹಾಡುಗಳಿಂದಲೇ.

ಹಾಡಿ ಸುಮ್ಮನಾಗಲಿಲ್ಲ. ಪಾರಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ವಿಚ್ಚಿಕ್ಕೋನ್, ಇರುಂಗೋವೇಳ್ ಎಂಬ ಒಡೆಯರ ಬಾಗಿಲಿಗೆ ಹೋದರು. ತಂದೆಯ ಗೆಳೆಯ ನಾನು, ಇವರು ನನಗೂ ಮಕ್ಕಳೇ, ಮದುವೆಯಾಗು ಎಂದು ಕೇಳಿಕೊಂಡರು. ಇಬ್ಬರು ಒಡೆಯರೂ ಒಪ್ಪಲಿಲ್ಲ. ಮೂವರು ಅರಸರ ಹಗೆಯನ್ನು ಮೈಮೇಲೆ ಎಳೆದುಕೊಳ್ಳುವ ಧೈರ್ಯ ಇರಲಿಲ್ಲವೋ ಏನೋ. ಕವಿಯೊಬ್ಬನನ್ನು ನಿನ್ನ ಹಿರಿಯನೊಬ್ಬ ಕಡೆಗಣಿಸಿದ್ದಕ್ಕೇ ಅರೈಯಂ ಪಟ್ಟಣ ಹಾಳಾಯಿತು ಎಂದು ಇರುಂಗೋವೇಳನ ಮುಖಕ್ಕೇ ಹೇಳಿ ಕಪಿಲರು ಹೊರಟುಬಂದರು. ಹೆಣ್ಣು ಕೊಡಲು ಬಂದವರು ಹೀಗೆ ಮಾತಾಡುವುದುಂಟೇ? ಆ ಸ್ವಾಭಿಮಾನ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಇದೇ ಕಪಿಲರು ‘ಕುರಿಂಜಿಪ್ಪಾಟ್ಟು’ ಎಂಬ 261 ಸಾಲುಗಳ, ಬೆಟ್ಟದ ನೆಲದ ಪ್ರೇಮಕಾವ್ಯದಲ್ಲಿ 99 ಹೂಗಳನ್ನು ಹೆಸರು ಹಿಡಿದು ಪೋಣಿಸಿದವರು. ಬೆಟ್ಟವನ್ನು ಅಷ್ಟು ಬಲ್ಲವರಿಗೆ ಪರಂಬನ್ನು ಬಿಟ್ಟು ಇಳಿಯುವುದು ಎಷ್ಟು ಕಷ್ಟವಾಗಿರಬೇಕು!

ಕೊನೆಗೆ ಹುಡುಗಿಯರನ್ನು ಬಲ್ಲವರ ಆಶ್ರಯಕ್ಕೆ ಒಪ್ಪಿಸಿ, ತಿರುಕ್ಕೋವಿಲೂರಿನ ಬಳಿ ಪೆಣ್ಣೈ ನದಿಯ ದಡದಲ್ಲಿ ಬಡಗಣಕ್ಕೆ ಮುಖಮಾಡಿ ಉಪವಾಸ ಕುಳಿತು ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯೇ ಆ ಪೆಣ್ಣೈ. ಆಗಿನ ಹಾಡೊಂದರಲ್ಲಿ ಅವರು ಸತ್ತ ಗೆಳೆಯನೊಂದಿಗೆ ಮುನಿಸಿಕೊಳ್ಳುತ್ತಾರೆ. ಜೊತೆಗೆ ಬರುತ್ತೇನೆಂದರೆ ಇಲ್ಲೇ ಇರು ಎಂದೆಯಲ್ಲ, ನಿನಗೆ ನಾನು ತಕ್ಕ ಗೆಳೆಯನಾಗಲಿಲ್ಲವೇ ಎಂದು ಕೇಳುತ್ತಾರೆ. ಮುಂದಿನ ಜನ್ಮದಲ್ಲೂ ಪಾರಿಯ ಜೊತೆಯೇ ಸಿಗಲೆಂದು ವಿಧಿಯನ್ನು ಬೇಡಿಕೊಳ್ಳುತ್ತಾರೆ.