ಬೆಂಕಿಯ ಬಳಿಕವೂ ನಿಂತ ಮಾರುಕಟ್ಟೆ



ಸೆಪ್ಟೆಂಬರ್ 8ರ ಹಬ್ಬಕ್ಕೆ ತುರ್ವಿಹಾಳದಿಂದ ಬೆಂಗಳೂರಿನ ಶಿವಾಜಿನಗರಕ್ಕೆ ಹೋಗಿ, ಸಂತ ಮರಿಯಮ್ಮನವರ ಬೆಸಿಲಿಕಾವನ್ನು ಸಂದರ್ಶಿಸಿ ಬಂದವರು ನಿಮ್ಮಲ್ಲಿದ್ದೀರಿ. ದೇವಾಲಯದ ಸಮೀಪದ ಚೌಕದಲ್ಲಿರುವ ರಸೆಲ್ ಮಾರುಕಟ್ಟೆಯನ್ನೂ ಕಂಡಿರಬೇಕು. ದಂಡು ಪ್ರದೇಶದ ಜನರಿಗಾಗಿ 1927ರಲ್ಲಿ ಕಟ್ಟಿದ ಈ ಕಟ್ಟಡಕ್ಕೆ ಅಲ್ಲಿನ ಪುರಸಭೆಯ ಆಯುಕ್ತರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರಿದೆ.

2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಮಿಕ್ಕಿ ಅಂಗಡಿಗಳು ಭಸ್ಮವಾದವು. ಹಳೆಯದನ್ನು ಕೆಡವಿಬಿಡೋಣವೆನ್ನುವುದು ಸುಲಭವಾಗಿತ್ತು. ಆದರೆ ಅನ್ನದ ಆಧಾರವನ್ನೇ ಕಳೆದುಕೊಂಡಿದ್ದ ವ್ಯಾಪಾರಿಗಳು ತಮ್ಮ ಕೈಯಿಂದಲೇ ಹಣ ಕೂಡಿಸಿ ದುರಸ್ತಿಗೆ ಮುಂದಾದರು. ಸುಟ್ಟ ಮಳಿಗೆಗಳಲ್ಲಿ ಮತ್ತೆ ಹಣ್ಣು, ತರಕಾರಿಗಳ ರಾಶಿ ಬಿದ್ದಿತು. ಇಂದಿಗೂ ದೇವಾಲಯದ ಗಂಟೆಯೂ ಮಸೀದಿಯ ಕರೆಯೂ ಕೇಳುವ ಆ ಚೌಕದಲ್ಲಿ ಎಲ್ಲ ಮತದವರೂ ಒಂದೇ ತಕ್ಕಡಿಯ ಮುಂದೆ ನಿಲ್ಲುತ್ತಾರೆ.

ಪ್ರಿಯರೇ, ಶತಮಾನೋತ್ಸವದ ಸಂಭ್ರಮದಲ್ಲಿ ಹಿರಿಯರು ಕಟ್ಟಿದ ಗೋಡೆಗಳನ್ನು ಉರುಳಿಸಿ ಹೊಸ ಕಟ್ಟಡ ಕಟ್ಟೋಣವೆಂಬ ಮಾತು ನಮ್ಮಲ್ಲಿಯೂ ಕೇಳಿಬಂದಿದೆ. ಬಿರುಕನ್ನು ಮುಚ್ಚಬಹುದು, ಸೋರುವ ಮಾಡನ್ನು ಸರಿಪಡಿಸಬಹುದು. ಕೆಡವಿದ ಮೇಲೆ ಹಿರಿಯರ ಬೆವರನ್ನು ಎಲ್ಲಿಂದ ತರೋಣ? ಆ ಬಡ ವ್ಯಾಪಾರಿಗಳು ತೋರಿದ ಅಕ್ಕರೆಯನ್ನು ನೆನೆದು ನೀವೇ ನಿರ್ಧರಿಸಿರಿ. ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.