ಶೋಧನೆ ಮುಗಿದ ಮೇಲೆ



ಮೆಟ್ರಿ, ಕಂಪಲಿ, ಹಂಪೆಗಳ ಈ ಸೀಮೆಗೆ ಸಂಶೋಧಕರು ಬಂದು ಹೋಗುವುದು ಹೊಸತಲ್ಲ. ಶಾಸನಗಳ ಪಡಿಯಚ್ಚು ತೆಗೆಯುವರು, ವೃದ್ಧರ ಮಾತನ್ನು ಬರೆದುಕೊಳ್ಳುವರು. ಕೆಲಸ ತೀರಿದ ಮೇಲೆ ಗ್ರಂಥವೊಂದು ಅಚ್ಚಾಗುವುದು. ಗ್ರಂಥದಲ್ಲಿ ಸೇರದುಳಿದ ಕಾಗದದ ಕಟ್ಟುಗಳು ಏನಾದುವೆಂದು ನಾವಾರೂ ಕೇಳುವುದಿಲ್ಲ. ಕೇಳಬೇಕೆಂಬುದಕ್ಕೆ ಹಳೆಯ ನಿದರ್ಶನವೊಂದುಂಟು.

ಕರ್ನಲ್ ಕಾಲಿನ್ ಮೆಕೆಂಜಿಯೆಂಬ ಮೋಜಣಿ ಅಧಿಕಾರಿಯು 1799ರ ಸುಮಾರಿಗೆ ಹಂಪೆಯ ನಕ್ಷೆಯನ್ನು ಸಿದ್ಧಪಡಿಸಿದನು. ಅವನ ಸಹಾಯಕರು ದಕ್ಷಿಣದೇಶದ ಊರೂರು ತಿರುಗಿ, ಗುಡಿ, ಕೆರೆ, ಇನಾಮು, ಪಾಳೆಯಗಾರರ ವೃತ್ತಾಂತಗಳನ್ನು ಊರವರ ಬಾಯಿಂದಲೂ ಕಡತಗಳಿಂದಲೂ ಸಂಗ್ರಹಿಸಿದರು. ಇವೇ ಕೈಫಿಯತ್ತುಗಳು. ಆ ಸಹಾಯಕರಲ್ಲಿ ಕಾವಲಿ ವೆಂಕಟ ಬೋರಯ್ಯನು ಮುಖ್ಯನು. ಅವನು 1803ರಲ್ಲಿ ತೀರಿಕೊಳ್ಳಲು, ತಮ್ಮನಾದ ಲಕ್ಷ್ಮಯ್ಯನು ಆ ಭಾರವನ್ನು ಹೊತ್ತನು.

1821ರಲ್ಲಿ ಮೆಕೆಂಜಿಯು ಮಡಿದನು. ಕಂಪನಿ ಸರಕಾರವು ಸಂಗ್ರಹವನ್ನು ಹತ್ತು ಸಾವಿರ ಪೌಂಡುಗಳಿಗೆ ಕೊಂಡಿತು. ಕೆಲವು ಲಂಡನ್ನಿಗೆ ಹೋದುವು, ದೇಶಭಾಷೆಯ ಬಹುಭಾಗವು ಮದರಾಸಿಗೆ ಬಂದಿತು. 1828ರಲ್ಲಿ ವಿಲ್ಸನನು ಪಟ್ಟಿಯನ್ನು ಪ್ರಕಟಿಸಿದನು. ಪಟ್ಟಿಯಿದ್ದುದು ಪುಣ್ಯ! ಆದರೆ ಅವನು ಸಂಸ್ಕೃತಜ್ಞನು, ದಕ್ಷಿಣದ ನುಡಿಗಳನ್ನರಿಯನು. ಅರಿತಿದ್ದ ಲಕ್ಷ್ಮಯ್ಯನು ಕಾರ್ಯವನ್ನು ತಾನೇ ಮುಂದುವರಿಸುವೆನೆಂದು ಬೇಡಿಕೊಂಡನು. 1836ರಲ್ಲಿ ಏಷ್ಯಾಟಿಕ್ ಸೊಸೈಟಿಯವರು ಅವನಿಗೆ ಆ ಯೋಗ್ಯತೆ ಸಾಲದೆಂದರು. ಯಾವ ಮಾತನ್ನು ಯಾವ ಊರಿನಲ್ಲಿ ಯಾರು ಹೇಳಿದರೆಂದು ಬಲ್ಲವನನ್ನೇ ಹೊರಗಿಟ್ಟರು. ಗೆದ್ದಲಿಗಿಂತ ಹೆಚ್ಚಿನ ಹಾನಿಯನ್ನು ಇದು ಮಾಡಿತೆಂದು ನನ್ನ ಎಣಿಕೆ.

ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪೆಯ ಕನ್ನಡ ವಿಶ್ವವಿದ್ಯಾಲಯವು ಅಚ್ಚುಹಾಕಿಸಿದುದು 1994ರಲ್ಲಿ. ಸಂಗ್ರಾಹಕನು ಗತಿಸಿ ಅಷ್ಟರಲ್ಲಿ 173 ವರ್ಷಗಳಾಗಿದ್ದುವು! ನಮ್ಮ ಅಜ್ಜ ಮುತ್ತಜ್ಜಂದಿರು ಹೇಳಿ ಬರೆಯಿಸಿದುದನ್ನು ಓದುವುದಕ್ಕೆ ನಡುವಣ ಐದಾರು ತಲೆಗಳವರಿಗೆ ಅವಕಾಶವೇ ಇಲ್ಲದೆ ಹೋಯಿತು.

ಈಗಿನ ಸಂಶೋಧಕರು ಧ್ವನಿಯನ್ನೂ ಚಿತ್ರವನ್ನೂ ಗಣಕಯಂತ್ರದಲ್ಲಿ ತುಂಬಿಕೊಂಡು ಹೋಗುವರು. ಓಲೆಗರಿಯು ನೂರಾರು ವರ್ಷ ಬಾಳೀತು. ಆ ಯಂತ್ರದ ತಟ್ಟೆಯು ಇಪ್ಪತ್ತು ವರ್ಷ ಬಾಳುವುದೂ ಸಂಶಯ. ಆದುದರಿಂದ ಮಠದ ಓಲೆಗಳನ್ನು ನೋಡಬರುವವರಿಗೆ ಧಾರಾಳವಾಗಿ ತೋರಿಸೋಣ, ಪ್ರತಿಯನ್ನೂ ಕೊಡೋಣ. ಮೂಲವು ಮಾತ್ರ ಇಲ್ಲಿಯೇ ಇರತಕ್ಕುದು. ಅವರು ಈ ಊರುಗಳಲ್ಲಿ ಸಂಗ್ರಹಿಸಿದುದರ ಒಂದು ಪ್ರತಿಯನ್ನು, ಹೇಳಿದವರ ಹೆಸರು, ಊರು, ತೇದಿಗಳೊಡನೆ, ಮಠದಲ್ಲಿ ಇಟ್ಟು ಹೋಗಲಿ. ಹೇಳಿದವರು ಗುಟ್ಟಾಗಿಡಬೇಕೆಂದುದನ್ನು ಬೇರೆಯಾಗಿ ಕಟ್ಟಿಡಬೇಕು. ಇದಕ್ಕೆ ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಓದಬಲ್ಲ ಒಬ್ಬ ತರುಣ, ಇಷ್ಟನ್ನು ಈ ಮಹೋತ್ಸವದ ವರ್ಷದಲ್ಲಿಯೇ ಗೊತ್ತುಮಾಡಬೇಕೆಂದು ಸನ್ನಿಧಿಯಲ್ಲಿ ಬೇಡುವೆನು.