ಸೈಕಲ್ಲಿನ ಕೀಲೆಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ, ಬಿದಿರಿನ ಅಂಡೆಯಲ್ಲಿ ತುಂಬಿ, ಗಾಡಿಗೆ ತೂಗುಹಾಕುತ್ತಿದ್ದರು. ದೂರದ ಪಯಣಕ್ಕೆ ಮೊದಲು ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಅದನ್ನು ಸವರುವುದು ಗಾಡಿಯವನದೇ ಕೆಲಸ. ಅದಕ್ಕಾಗಿ ಬಡಗಿಯನ್ನು ಯಾರೂ ಕರೆಸುತ್ತಿರಲಿಲ್ಲ. ಗಾಡಿಯ ಜಾಗಕ್ಕೆ ಬೈಸಿಕಲ್ಲು ಬಂದಾಗ ಈ ಕೆಲಸ ಮನೆಯಿಂದ ಅಂಗಡಿಗೆ ಹೋಯಿತು. ಅದನ್ನು ಮತ್ತೆ ಮನೆಗೆ ಕರೆತರಬೇಕೆಂಬುದೇ ನನ್ನ ಈ ಮಾತಿನ ಉದ್ದೇಶ.

ನಾನಿರುವ ತ್ಯಾವಣಿಗೆ ಚನ್ನಗಿರಿ ತಾಲ್ಲೂಕಿನ ಊರು. ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಗಳೂ ಅಡಿಕೆ ತೋಟಗಳೂ ಇಲ್ಲಿನ ಸಂಪತ್ತು. ನೀರಿದ್ದಲ್ಲಿ ಕೆಸರೂ ಇದೆಯಷ್ಟೆ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಸುತ್ತಣ ಹಳ್ಳಿಗಳ ಹೆಣ್ಣುಮಕ್ಕಳು ಸಾಲುಸಾಲಾಗಿ ಪೆಡಲು ತುಳಿಯುತ್ತ ಶಾಲೆಗೆ ಬರುವುದನ್ನು ಕಂಡು ನನ್ನ ಕಣ್ಣು ತಣಿದಿತ್ತು. ಆದರೆ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಲವು ಸೈಕಲ್ಲುಗಳು ಹಿತ್ತಿಲ ಗೋಡೆಗೆ ಒರಗಿದವು. ಚೌಕಟ್ಟು ಗಟ್ಟಿಯಾಗಿಯೇ ಇತ್ತು, ಟೈರೂ ಚೆನ್ನಾಗಿತ್ತು. ಗಾಲಿ ಮಾತ್ರ ಕರಕರ ಎನ್ನುತ್ತಿತ್ತು. ಅಂಗಡಿಗೆ ಒಯ್ಯಲು ಮನೆಯವರಿಗೆ ಬಿಡುವಿಲ್ಲ, ಕೈಯಲ್ಲಿ ಕಾಸಿಲ್ಲ. ಕೊನೆಗೆ ಗುಜರಿಯವನು ಬಂದ; ಹುಡುಗಿಗೆ ಮತ್ತೆ ಕಾಲ್ನಡಿಗೆಯೇ ಗತಿಯಾಯಿತು. ಪ್ರೌಢಶಾಲೆಯ ಮೂರು ವರ್ಷಗಳು ಒಂದು ಚಿಟಿಕೆ ಗ್ರೀಸನ್ನು ಅವಲಂಬಿಸಿದ್ದವೆಂದರೆ ಅತಿಶಯೋಕ್ತಿಯಲ್ಲ.

ಗಾಲಿಯ ನಡುವಣ ಗುಂಬವನ್ನು ಸೈಕಲ್ ಅಂಗಡಿಯವರು ಹಬ್ ಎನ್ನುತ್ತಾರೆ. ಅದರ ಎರಡು ತುದಿಗಳಲ್ಲಿ ಒಂದೊಂದು ಉಕ್ಕಿನ ಬಟ್ಟಲು. ಅಚ್ಚಿನ ಮೇಲೆ ಕೋನ್ ಎಂಬ ಶಂಕುವಿನಾಕಾರದ ತುಂಡು. ಇವೆರಡರ ನಡುವೆ ಉಂಗುರದಂತೆ ಕೂತ ಗುಂಡುಗಳು. ನಮ್ಮ ಸಾಮಾನ್ಯ ಸೈಕಲ್ಲಿನ ಮುಂದಿನ ಗಾಲಿಯಲ್ಲಿ ಬದಿಗೆ ಹತ್ತರಂತೆ 3/16 ಅಂಗುಲದವು, ಹಿಂದಿನದರಲ್ಲಿ ಬದಿಗೆ ಒಂಬತ್ತರಂತೆ 1/4 ಅಂಗುಲದವು. ಗಾಡಿಯ ಅಚ್ಚು ಉಜ್ಜುತ್ತದೆ. ಇಲ್ಲಿ ಗುಂಡುಗಳು ಉರುಳುತ್ತವೆ. ಇಷ್ಟೇ ರಹಸ್ಯ. 1869ರಲ್ಲಿ ಪ್ಯಾರಿಸ್ಸಿನ ಜೂಲ್ಸ್ ಸೂರಿರೇ ಬೈಸಿಕಲ್ಲಿನ ಗುಂಡುಗಳಿಗೆ ಪೇಟೆಂಟ್ ಪಡೆದ. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಕ್ ಫಿಷರ್ ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಅರೆಯುವ ಯಂತ್ರವನ್ನು ರೂಪಿಸಿದ. ಈ 'ಒಂದೇ ಅಳತೆ' ಎಂಬ ಮಾತನ್ನು ನೆನಪಿನಲ್ಲಿಡಬೇಕು.

ಅಂಗಡಿಗಳಲ್ಲಿ ಈ ಕೆಲಸಕ್ಕೆ 'ಓವರಾಯಿಲ್' ಎನ್ನುವುದುಂಟು. ಓವರ್‌ಹಾಲ್ ಎಂಬ ಇಂಗ್ಲಿಷ್ ಶಬ್ದ ಎಣ್ಣೆಯ ವಾಸನೆ ಹಿಡಿದು ಹೀಗಾಗಿದೆ. ಮಾತು ಸೊಗಸಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ಮೇಲಿನಿಂದ ನಾಲ್ಕು ಹನಿ ಎಣ್ಣೆ ಬಿಟ್ಟರೆ ಒಳಗಿನ ಗ್ರೀಸು ಕರಗಿ ಹೊರಬರುತ್ತದೆ. ಅಡಿಗೆಮನೆಯ ಎಣ್ಣೆಯಾದರೆ ಅಂಟುಗಟ್ಟಿ ಧೂಳನ್ನು ಹಿಡಿದಿಡುತ್ತದೆ. ಬಿಚ್ಚದೆ ಗತಿಯಿಲ್ಲ.

ಬಿಚ್ಚುವುದು ಕಷ್ಟವಲ್ಲ. ಮುಂದಿನ ಗಾಲಿಯಿಂದಲೇ ಆರಂಭಿಸಬಹುದು. ಗಾಲಿಯನ್ನು ಕಳಚಿ, ಅಗಲವಾದ ತಟ್ಟೆಯ ಮೇಲೆ ಹಳೆಯ ಬಟ್ಟೆ ಹಾಸಿ ಅದರ ಮೇಲಿಡಬೇಕು. ಇಲ್ಲವಾದರೆ ಗುಂಡುಗಳು ಅಂಗಳವೆಲ್ಲ ಹರಿದಾಡುತ್ತವೆ. ಒಂದು ಬದಿಯ ಕೋನನ್ನು ಮಾತ್ರ ತೆಳ್ಳನೆಯ ಸ್ಪ್ಯಾನರಿನಿಂದ ಸಡಿಲಿಸಿ ಅಚ್ಚನ್ನು ಹೊರತೆಗೆಯಬೇಕು. ಬದಿಬದಿಯ ಗುಂಡುಗಳನ್ನು ಬೇರೆ ಬೇರೆ ಎಣಿಸಿಟ್ಟು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಬೇಕು. ಕೋನಿನ ಮೈಮೇಲೆ ಹೊಳೆಯುವ ಒಂದು ಗೆರೆ ಕಂಡರೆ ಚಿಂತೆಯಿಲ್ಲ, ಅದು ಗುಂಡುಗಳು ನಡೆದ ದಾರಿ. ಸಣ್ಣ ಗುಳಿಗಳು ಕಂಡರೆ ಕೋನನ್ನು ಬದಲಿಸಬೇಕು. ಒಂದೆರಡು ಗುಂಡುಗಳು ಸವೆದಿದ್ದರೂ ಇಡೀ ಜೊತೆಯನ್ನೇ ಬದಲಿಸುವುದು ಮೇಲು. ಹಳೆಯವುಗಳ ನಡುವೆ ಹೊಸದನ್ನು ಸೇರಿಸಿದರೆ, ಕೂದಲೆಳೆಯಷ್ಟು ದೊಡ್ಡದಾದ ಆ ಹೊಸ ಗುಂಡಿನ ಮೇಲೆಯೇ ಭಾರವೆಲ್ಲ ಬೀಳುತ್ತದೆ.

ಬಟ್ಟಲುಗಳಿಗೆ ಗ್ರೀಸು ತುಂಬಿ ಗುಂಡುಗಳನ್ನು ಒಂದೊಂದಾಗಿ ಕೂರಿಸಬೇಕು. ಗ್ರೀಸೇ ಅವನ್ನು ಬೀಳದಂತೆ ಹಿಡಿದುಕೊಳ್ಳುತ್ತದೆ. ನಡುವೆ ಕೊಂಚ ಎಡೆ ಕಂಡಿತೆಂದು ಇನ್ನೊಂದು ಗುಂಡನ್ನು ತುರುಕಬಾರದು; ಉರುಳಲು ಅಷ್ಟು ಜಾಗ ಬೇಕು. ಆಮೇಲೆ ಅಚ್ಚನ್ನು ತೂರಿಸಿ ಕೋನನ್ನು ಬೆರಳಿನಿಂದಲೇ ತಿರುಗಿಸಿ, ಗುಂಡುಗಳಿಗೆ ತಾಗಿದೊಡನೆ ಕೂದಲೆಳೆಯಷ್ಟು ಹಿಂದಕ್ಕೆ ಬಿಡಬೇಕು. ಹೊರಗಿನ ನಟ್ಟು ಬಿಗಿದಾಗ ಕೋನ್ ತುಸು ಒಳಸರಿಯುವುದುಂಟು. ಆದಕಾರಣ ಕೊನೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ಈ ಕೆಲಸದ ಜೀವಾಳವಿರುವುದು ಇಲ್ಲಿಯೇ. ಬಿಗಿ ಹೆಚ್ಚಾದರೆ ಗುಂಡುಗಳು ಕೋನನ್ನು ಕೊರೆಯುತ್ತವೆ. ಸಡಿಲವಾದರೆ ಗಾಲಿ ಒಲೆಯುತ್ತದೆ, ಒಂದೊಂದು ಕುಲುಕಿಗೂ ಗುಂಡು ಬಟ್ಟಲನ್ನು ಗುದ್ದುತ್ತದೆ. ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಕುಲುಕು ಕಾಣಬಾರದು. ಗಾಲಿಯನ್ನು ಮೆಲ್ಲನೆ ತಿರುಗಿಸಿ ಬಿಟ್ಟರೆ ಅದರ ಭಾರವಾದ ಭಾಗ ತಾನಾಗಿ ಕೆಳಗಿಳಿದು, ಗಡಿಯಾರದ ಲೋಲಕದಂತೆ ಅತ್ತಿತ್ತ ತೂಗಿ, ನಿಧಾನವಾಗಿ ನಿಲ್ಲಬೇಕು. ಈ ಹದ ಯಾವ ಪುಸ್ತಕದಿಂದಲೂ ಬರುವುದಿಲ್ಲ. ರೊಟ್ಟಿಯ ಹಿಟ್ಟಿನ ಹದದಂತೆ ಕೈಗೇ ತಿಳಿಯಬೇಕು.

ಯಾವಾಗ ಮಾಡಬೇಕೆಂಬ ಪ್ರಶ್ನೆಗೆ ನಮ್ಮ ಪಂಚಾಂಗದಲ್ಲಿಯೇ ಉತ್ತರವಿದೆ. ಆಯುಧಪೂಜೆ ಬರುವ ಹೊತ್ತಿಗೆ ಮುಂಗಾರಿನ ಕೆಸರು ಮುಗಿದಿರುತ್ತದೆ. ಆ ದಿನ ಸೈಕಲ್ಲಿಗೆ ನೀರೆರಚಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸುತ್ತೇವೆ. ಎರಚಿದ ನೀರು ಹಬ್ಬಿನೊಳಗೆ ಸೇರಿ ತುಕ್ಕು ಹಿಡಿಸುವುದನ್ನು ಯಾರೂ ಕಾಣುವುದಿಲ್ಲ. ಹೂವು ಬೇಡವೆಂದು ನಾನು ಹೇಳುತ್ತಿಲ್ಲ. ಹಿಂದಿನ ದಿನ ಒಂದೆರಡು ಗಂಟೆ ಗಾಲಿ ಬಿಚ್ಚಿ ಕುಳಿತರೆ ಮರುದಿನದ ಪೂಜೆ ಸಾರ್ಥಕವಾದೀತು.

ಕೊನೆಯದಾಗಿ ಒಂದು ಬಿನ್ನಹ. ಈ ಕೆಲಸವನ್ನು ಮನೆಯ ಗಂಡುಹುಡುಗರಿಗಷ್ಟೇ ಕಲಿಸಬೇಡಿ. ಯಾವ ಹುಡುಗಿಯ ಓದು ಆ ಗಾಲಿಯ ಮೇಲೆ ನಿಂತಿದೆಯೋ ಅವಳ ಕೈಗೇ ಸ್ಪ್ಯಾನರನ್ನು ಕೊಡಿ. ಬೈಸಿಕಲ್ಲನ್ನು ಸರ್ಕಾರ ಕೊಡಬಹುದು, ತಂದೆ ಕೊಡಿಸಬಹುದು. ಅದನ್ನು ಓಡುವಂತೆ ಇಟ್ಟುಕೊಳ್ಳುವ ವಿದ್ಯೆ ಅವಳಲ್ಲಿದ್ದರೆ, ನಾಲೆಯ ಏರಿಯ ಮೇಲೆ ಸೈಕಲ್ಲು ಕೆಟ್ಟು ನಿಂತ ದಿನ ಅವಳು ಇನ್ನೊಬ್ಬರ ದಾರಿ ಕಾಯಬೇಕಾಗಿಲ್ಲ.